ವೈದ್ಯರಿಗೆ ಕೃತಕ ಬುದ್ಧಿಮತ್ತೆಯ ಶಿಕ್ಷಣ: ನಮ್ಮ ತಾಲ್ಲೂಕುಗಳಿಗೆ ಬೇಕಾದ ಪಾಠ ಯಾವುದು?



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆತನಗಳ ಮಕ್ಕಳು ಇಂದು ವೈದ್ಯಕೀಯ ಶಿಕ್ಷಣಕ್ಕೆ ಸೇರುತ್ತಿರುವುದು ಸಂತೋಷದ ಸಂಗತಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಕಲಬುರಗಿಯಲ್ಲಿ ಆರಂಭಿಸಿದ, ಇಂದು ಮಹಾದೇವಪ್ಪ ರಾಂಪುರೆಯವರ ಹೆಸರನ್ನು ಹೊತ್ತಿರುವ ವೈದ್ಯಕೀಯ ಕಾಲೇಜು ಬಹುಕಾಲ ಈ ಭಾಗದ ದೊಡ್ಡ ಆಸರೆಯಾಗಿತ್ತು. ಅನಂತರ ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಸರ್ಕಾರದ ಜಿಮ್ಸ್, ಇ.ಎಸ್.ಐ. ವೈದ್ಯಕೀಯ ಕಾಲೇಜುಗಳೂ ಬಂದವು. ಸಂವಿಧಾನಕ್ಕೆ 2012ರ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರಿದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸ್ಥಾನಗಳು ಈ ಭಾಗದ ವಿದ್ಯಾರ್ಥಿಗಳಿಗೆ ಮೀಸಲಾದವು. ಹೊಲ ಮಾರದೆ, ಊರು ಬಿಡದೆ ಮಗನನ್ನೋ ಮಗಳನ್ನೋ ಡಾಕ್ಟರ್ ಓದಿಸುವ ದಾರಿ ಅನೇಕ ಕುಟುಂಬಗಳಿಗೆ ಹೀಗೆ ತೆರೆಯಿತು.

ಶ್ರೀಮಠಕ್ಕೆ ಬರುವ ಇಂತಹ ಪಾಲಕರ ಬಾಯಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ: "ಮಷೀನೇ ರೋಗ ಹೇಳೂ ಕಾಲ ಬಂದದಂತರಿ, ಮುಂದ ನಮ್ಮ ಹುಡುಗುನ ಓದು ಉಪಯೋಗಕ್ಕ ಬರ್ತದೇನ್ರಿ?" ವಿದ್ಯಾರ್ಥಿಗಳ ಪ್ರಶ್ನೆ ಇದಕ್ಕಿಂತ ತುಸು ಬೇರೆ. ಅಂಗರಚನೆ, ಔಷಧಶಾಸ್ತ್ರಗಳ ಜೊತೆಗೆ ಕಂಪ್ಯೂಟರ್ ಭಾಷೆಯನ್ನೂ ಕಲಿಯಬೇಕೇ ಎಂದು ಅವರು ಕೇಳುತ್ತಾರೆ. ಈ ಎರಡೂ ಪ್ರಶ್ನೆಗಳಿಗೆ ಉತ್ತರವಾಗಿ, ವೈದ್ಯ ವಿದ್ಯಾರ್ಥಿಗಳೂ ಸೇವೆಯಲ್ಲಿರುವ ವೈದ್ಯರೂ ಕೃತಕ ಬುದ್ಧಿಮತ್ತೆಯ ಬಗೆಗೆ ಕಲಿಯಬೇಕಾದುದೇನು ಎಂಬುದನ್ನು ನಮ್ಮ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಕೃತಕ ಬುದ್ಧಿಮತ್ತೆ ಎಂದರೇನು?

ಅಡತಿ ಅಂಗಡಿಯಲ್ಲಿ ಅನುಭವಸ್ಥರೊಬ್ಬರು ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ನೋಡಿ, ಕಾಳಿನ ಗುಣ ಹೇಳಿಬಿಡುತ್ತಾರೆ. ಯಾವ ಪುಸ್ತಕದ ನಿಯಮವನ್ನೂ ಅವರು ಓದಿರುವುದಿಲ್ಲ. ಸಾವಿರಾರು ಚೀಲಗಳನ್ನು ನೋಡಿ ನೋಡಿ ಅವರ ಕಣ್ಣಿಗೆ ಆ ಗುರುತು ಹತ್ತಿರುತ್ತದೆ. ಇಂದಿನ ಕೃತಕ ಬುದ್ಧಿಮತ್ತೆಯೂ ಬಹುಮಟ್ಟಿಗೆ ಹೀಗೆಯೇ ಕಲಿಯುತ್ತದೆ. ಲಕ್ಷಗಟ್ಟಲೆ ಎಕ್ಸ್-ರೇ ಚಿತ್ರಗಳನ್ನು ಗಣಕಯಂತ್ರಕ್ಕೆ ಕೊಟ್ಟು, ಯಾವುದರಲ್ಲಿ ಕ್ಷಯವಿದೆ, ಯಾವುದರಲ್ಲಿ ಇಲ್ಲ ಎಂದು ತಿಳಿಸಿದರೆ, ಅದು ತನ್ನೊಳಗೇ ಗುರುತುಗಳನ್ನು ಹುಡುಕಿಕೊಳ್ಳುತ್ತದೆ. ಮುಂದೆ ಹೊಸ ಚಿತ್ರವೊಂದು ಬಂದಾಗ ಆ ಗುರುತುಗಳಿಗೆ ಹೋಲಿಸಿ, ರೋಗದ ಸಂಭವ ಎಷ್ಟು ಎಂದು ಹೇಳುತ್ತದೆ.

ಎರಡನೆಯ ಬಗೆಯದು ಚಾಟ್‌ಜಿಪಿಟಿಯಂತಹ ಭಾಷಾ ಯಂತ್ರ. ಅಪಾರ ಬರಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜ ಎಂಬುದನ್ನು ಅದು ಕಲಿತಿರುತ್ತದೆ. ಅದರ ವಾಕ್ಯಗಳು ನಯವಾಗಿರುತ್ತವೆ, ಧೈರ್ಯದಿಂದ ಕೂಡಿರುತ್ತವೆ. ಆದರೆ ಸರಿಯಾದ ಉತ್ತರವನ್ನೂ ತಪ್ಪು ಉತ್ತರವನ್ನೂ ಅದು ಒಂದೇ ಧೈರ್ಯದಿಂದ ಹೇಳಬಲ್ಲುದು. ಇಲ್ಲದ ಸಂಶೋಧನಾ ಲೇಖನದ ಹೆಸರನ್ನು ಉಲ್ಲೇಖಿಸುವುದೂ ಉಂಟು.

ಈ ಎರಡೂ ಬಗೆಯ ಯಂತ್ರಗಳ ಬಲ ಅವು ನೋಡಿದ ಉದಾಹರಣೆಗಳಲ್ಲಿದೆ. ಅವುಗಳ ದೌರ್ಬಲ್ಯವೂ ಅಲ್ಲಿಯೇ ಇದೆ. ಒಂದೇ ಊರಿನ ತೊಗರಿಯನ್ನು ಮಾತ್ರ ನೋಡಿದವರು ಬೇರೆ ನೆಲದ ಕಾಳನ್ನು ತಪ್ಪಾಗಿ ಬೆಲೆಕಟ್ಟಬಹುದಷ್ಟೆ. ಹಾಗೆಯೇ ಬೇರೆಲ್ಲಿಯದೋ ರೋಗಿಗಳನ್ನು ನೋಡಿ ಕಲಿತ ಯಂತ್ರವು ನಮ್ಮ ರೋಗಿಯ ವಿಷಯದಲ್ಲಿ ಎಡವಬಹುದು.

ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದ ಯಂತ್ರ

ಇದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಮಾತು ಎಂದು ಯಾರೂ ಭಾವಿಸಬೇಕಾಗಿಲ್ಲ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾದದ್ದೇ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಹೃದಯಾಘಾತದ ರೋಗಿಗಳಿಗಾಗಿ. ಎದೆನೋವಿನಿಂದ ಬಂದವರಿಗೆ ಕೂಡಲೇ ಇಸಿಜಿ ತೆಗೆಯುವುದು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದನ್ನು ಪರಿಶೀಲಿಸುವುದು, ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರ ಆಸ್ಪತ್ರೆಯ ತಜ್ಞರ ಸಲಹೆ ಪಡೆಯುವುದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಅದರ ಕ್ರಮ. ಕಲಬುರಗಿಯಲ್ಲಿಯೇ ಜಯದೇವದ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಆದರೂ ಆಳಂದದಿಂದಲೂ ಜೇವರ್ಗಿಯಿಂದಲೂ ಅಲ್ಲಿಗೆ ಸುಮಾರು 40 ಕಿಲೋಮೀಟರ್ ದಾರಿ. ಅಫಜಲಪುರದಿಂದ ಇನ್ನೂ ದೂರ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಸಮಯ ಬೇರೆ. ಹೃದಯದ ಸ್ನಾಯುವಿಗೆ ರಕ್ತ ನಿಂತಾಗ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಇಂತಲ್ಲಿ ಯಂತ್ರದ ನೆರವು ನಿಜವಾಗಿಯೂ ಜೀವ ಉಳಿಸಬಲ್ಲುದು.

ಕ್ಷಯರೋಗದ ವಿಷಯದಲ್ಲಿಯೂ ಹೀಗೆಯೇ. 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಎದೆಯ ಎಕ್ಸ್-ರೇಯನ್ನು ಕ್ಷಯದ ತಪಾಸಣೆಗಾಗಿ ಗಣಕಯಂತ್ರದಿಂದ ಓದಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. 2024ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಎಕ್ಸ್-ರೇ ಯಂತ್ರಗಳೊಂದಿಗೆ ಇಂತಹ ತಂತ್ರಾಂಶವನ್ನೂ ಬಳಸಲಾಯಿತು. ಎಕ್ಸ್-ರೇ ಓದುವ ತಜ್ಞರು ವಿರಳವಾಗಿರುವ ಹಳ್ಳಿಗಾಡಿಗೆ ಇದು ದೊಡ್ಡ ಅನುಕೂಲ.

ಹೀಗಿರುವಾಗ ನಾಳೆ ಈ ಆಸ್ಪತ್ರೆಗಳಿಗೆ ಬರುವ ತರುಣ ವೈದ್ಯರು ಯಂತ್ರವನ್ನು ಬಳಸಬೇಕೇ ಬೇಡವೇ ಎಂಬುದು ಪ್ರಶ್ನೆಯಾಗಿ ಉಳಿದಿಲ್ಲ. ಅದು ಅವರ ಮೇಜಿನ ಮೇಲೆ ಇದ್ದೇ ಇರುತ್ತದೆ. ಯಂತ್ರವನ್ನು ನಡೆಸುವ ಕ್ರಮವನ್ನು ಒಂದು ದಿನದಲ್ಲಿ ಕಲಿಯಬಹುದು. ಅದರ ಮಾತನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಕಲಿಯಲು ವರ್ಷಗಳೇ ಬೇಕು. ವೈದ್ಯರಿಗೆ ಕೊಡಬೇಕಾದ ಶಿಕ್ಷಣ ಈ ಎರಡನೆಯದು. ಅದನ್ನು ಐದು ಪಾಠಗಳಾಗಿ ವಿಂಗಡಿಸಿ ನೋಡೋಣ.

ಮೊದಲನೆಯ ಪಾಠ: ಯಂತ್ರ ಯಾರನ್ನು ನೋಡಿ ಕಲಿತಿದೆ?

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1990ರ ದಶಕದಲ್ಲಿ ನಡೆದ ಒಂದು ಪ್ರಯೋಗ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂಬುದನ್ನು ಗಣಕಯಂತ್ರಕ್ಕೆ ಕಲಿಸಲಾಯಿತು. ಆಸ್ಪತ್ರೆಗಳ ದಾಖಲೆಗಳಿಂದ ಅದು ಒಂದು ವಿಚಿತ್ರ ನಿಯಮವನ್ನು ಹೆಕ್ಕಿ ತೆಗೆಯಿತು: ಉಬ್ಬಸ ಇರುವವರಿಗೆ ನ್ಯುಮೋನಿಯಾ ಬಂದರೆ ಅಪಾಯ ಕಡಿಮೆ! ಯಾವ ವೈದ್ಯನೂ ಇದನ್ನು ಒಪ್ಪಲಾರ. ಪರಿಶೀಲಿಸಿದಾಗ ಕಾರಣ ತಿಳಿಯಿತು. ಉಬ್ಬಸದ ರೋಗಿಗಳನ್ನು ವೈದ್ಯರು ಅಪಾಯದವರೆಂದು ಮೊದಲೇ ಗುರುತಿಸಿ, ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ಆರೈಕೆಯಿಂದ ಅವರು ಬದುಕುತ್ತಿದ್ದರು. ಯಂತ್ರಕ್ಕೆ ಬದುಕಿದ್ದು ಕಂಡಿತು, ಆರೈಕೆ ಕಾಣಲಿಲ್ಲ. ಅದರ ಮಾತು ನಂಬಿ ಉಬ್ಬಸದ ರೋಗಿಯನ್ನು ಮನೆಗೆ ಕಳುಹಿಸಿದ್ದರೆ ಗತಿಯೇನಾಗುತ್ತಿತ್ತು? ತಪ್ಪನ್ನು ಹಿಡಿದದ್ದು ವೈದ್ಯಶಾಸ್ತ್ರದ ಅರಿವು ಎಂಬುದನ್ನು ಇಲ್ಲಿ ಗಮನಿಸಬೇಕು.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎಕ್ಸ್-ರೇಯಿಂದ ನ್ಯುಮೋನಿಯಾ ಗುರುತಿಸಲು ಕಲಿತ ಯಂತ್ರವು ಆ ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನೂ ಗುರುತಿಸುತ್ತಿದ್ದುದು ಕಂಡುಬಂತು. ಚಿತ್ರದ ಅಂಚಿನ ಲೋಹದ ಗುರುತಿನಂತಹ ಸಣ್ಣ ಸುಳಿವುಗಳು ಅದಕ್ಕೆ ಸಾಕಾಗಿದ್ದವು. ಹೆಚ್ಚು ರೋಗಿಗಳಿರುವ ಆಸ್ಪತ್ರೆಯ ಚಿತ್ರವಾದರೆ ರೋಗವಿದೆ ಎನ್ನುವ ಕಡೆಗೆ ಅದು ವಾಲುತ್ತಿತ್ತು. ತಾನು ಕಲಿತ ಆಸ್ಪತ್ರೆಗಳಾಚೆಗೆ ಹೋದಾಗ ಅದರ ಸಾಮರ್ಥ್ಯ ಕುಗ್ಗಿತು.

ಇನ್ನು ನಮಗೆ ಹತ್ತಿರದ ಉದಾಹರಣೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೆ ಆಗುವ ಹಾನಿಯನ್ನು ಗುರುತಿಸುವ ಯಂತ್ರವನ್ನು ಗೂಗಲ್ ಸಂಸ್ಥೆ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ ಮತ್ತು ಚೆನ್ನೈನ ಶಂಕರ ನೇತ್ರಾಲಯಗಳ ಸಹಕಾರವೂ ಸೇರಿ ರೂಪಿಸಿತು. 1,28,175 ಚಿತ್ರಗಳಿಂದ ಅದು ಕಲಿತಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶಗಳು ಬಹಳ ಚೆನ್ನಾಗಿದ್ದವು. ಅನಂತರ ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಬಳಸಿ ನೋಡಿದಾಗ, 1,838 ಚಿತ್ರಗಳಲ್ಲಿ ಶೇಕಡಾ 21ರಷ್ಟನ್ನು ಯಂತ್ರ ಓದಲಾರೆನೆಂದು ತಳ್ಳಿಹಾಕಿತು. ಕೋಣೆಯಲ್ಲಿ ಸರಿಯಾದ ಕತ್ತಲಿರಲಿಲ್ಲ. ಕೆಲವೆಡೆ ಅಂತರ್ಜಾಲ ನಿಧಾನವಾಗಿತ್ತು. ಕೆಲಸ ಬಿಟ್ಟು ಬಂದ ರೋಗಿಗಳಿಗೆ ಇನ್ನೊಂದು ದಿನ ತಜ್ಞರ ಬಳಿಗೆ ಹೋಗಿರೆಂದು ಹೇಳಬೇಕಾಯಿತು. ಪ್ರಯೋಗಾಲಯದಲ್ಲಿ ಗೆದ್ದ ಯಂತ್ರ ಸಣ್ಣ ಆಸ್ಪತ್ರೆಯ ಕೋಣೆಯಲ್ಲಿಯೂ ಗೆಲ್ಲುತ್ತದೆಂಬ ಭರವಸೆಯಿಲ್ಲ. ವಿದ್ಯುತ್ ಕೈಕೊಡುವ, ನೆಟ್‌ವರ್ಕ್ ಸಿಗದ ಊರುಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಹೇಳಬೇಕಾಗಿಲ್ಲ.

ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾಯಿತು. ಕಪ್ಪು ವರ್ಣದವರಲ್ಲಿ ಆಮ್ಲಜನಕದ ಕೊರತೆಯು ಈ ಉಪಕರಣದ ಕಣ್ಣು ತಪ್ಪಿಸುವ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದು ಕೃತಕ ಬುದ್ಧಿಮತ್ತೆಯ ಉಪಕರಣವೇನೂ ಅಲ್ಲ. ಆದರೆ ಉಪಕರಣವನ್ನು ಯಾರ ಮೇಲೆ ಪರೀಕ್ಷಿಸಲಾಗಿದೆ ಎಂಬ ಪ್ರಶ್ನೆ ಎಲ್ಲ ಯಂತ್ರಗಳಿಗೂ ಒಂದೇ. ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಎರಡನೆಯ ಪಾಠ: ಲೆಕ್ಕ ತಿಳಿಯುವುದು

ಯಂತ್ರ ಮಾರುವವರು "ನೂರಕ್ಕೆ ತೊಂಬತ್ತು ಸರಿ" ಎನ್ನುತ್ತಾರೆ. ಈ ಮಾತಿನ ಅರ್ಥವೇನೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ರೋಗವಿರುವ ನೂರು ಜನರಲ್ಲಿ 90 ಮಂದಿಯನ್ನು ಯಂತ್ರ ಗುರುತಿಸುತ್ತದೆ. ಆರೋಗ್ಯವಂತರಾದ ನೂರು ಜನರಲ್ಲಿ 10 ಮಂದಿಗೆ ರೋಗವಿದೆಯೆಂದು ತಪ್ಪಾಗಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ.

ಈ ಯಂತ್ರವನ್ನು ಒಂದು ಹಳ್ಳಿಗೆ ಒಯ್ದು 1,000 ಜನರನ್ನು ತಪಾಸಣೆ ಮಾಡಿದೆವು. ಅವರಲ್ಲಿ ನಿಜವಾಗಿ ರೋಗವಿರುವವರು 10 ಮಂದಿ. ಯಂತ್ರ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ 99 ಮಂದಿಯನ್ನೂ ರೋಗಿಗಳೆಂದು ತೋರಿಸುತ್ತದೆ. ಒಟ್ಟು 108 ಜನರಿಗೆ ಗುರುತು ಬಿತ್ತು; ಅವರಲ್ಲಿ ರೋಗವಿದ್ದವರು ಕೇವಲ 9. ಅಂದರೆ ಯಂತ್ರ ಬೊಟ್ಟುಮಾಡಿದ 12 ಜನರಲ್ಲಿ ಒಬ್ಬರಿಗೆ ಮಾತ್ರ ರೋಗ.

ಅದೇ ಯಂತ್ರವನ್ನು ವಾರಗಟ್ಟಲೆ ಕೆಮ್ಮುತ್ತಿರುವವರು ಬರುವ ಆಸ್ಪತ್ರೆಯಲ್ಲಿಟ್ಟೆವು. ಅಲ್ಲಿಯ 1,000 ಜನರಲ್ಲಿ 200 ಮಂದಿಗೆ ರೋಗವಿದೆ. ಯಂತ್ರ 180 ಮಂದಿಯನ್ನು ಹಿಡಿಯುತ್ತದೆ; 800 ಆರೋಗ್ಯವಂತರಲ್ಲಿ 80 ಮಂದಿಗೆ ತಪ್ಪು ಗುರುತು ಹಾಕುತ್ತದೆ. ಗುರುತು ಬಿದ್ದ 260ರಲ್ಲಿ 180 ನಿಜ. ಈಗ ಹತ್ತರಲ್ಲಿ ಸುಮಾರು ಏಳು ಮಂದಿಗೆ ರೋಗವಿದೆ.

ಯಂತ್ರ ಬದಲಾಗಲಿಲ್ಲ, ಬಳಸಿದ ಜಾಗ ಬದಲಾಯಿತು. ಹಳ್ಳಿಯ ಶಿಬಿರದಲ್ಲಿ ಯಂತ್ರ ಕೆಂಪು ಗುರುತು ತೋರಿಸಿದ ಮಾತ್ರಕ್ಕೆ ಆರು ತಿಂಗಳ ಕ್ಷಯದ ಔಷಧಿ ಶುರುಮಾಡಿದರೆ, ಲಗ್ನಕ್ಕೆ ಬಂದ ಹೆಣ್ಣುಮಗಳ ಮೇಲೆ ಊರಿನಲ್ಲಿ ಏನೇನು ಮಾತು ಹಬ್ಬಬಹುದು ಎಂಬುದನ್ನು ನಮ್ಮ ಓದುಗರು ಬಲ್ಲರು. ಆದ್ದರಿಂದ ಯಂತ್ರದ ಗುರುತು ಮುಂದಿನ ಕಫ ಪರೀಕ್ಷೆಗೆ ಕಾರಣವಾಗಬೇಕೇ ಹೊರತು ಅದೇ ತೀರ್ಪಾಗಬಾರದು. ಢಾಕಾದಲ್ಲಿ 23,954 ಜನರ ಎಕ್ಸ್-ರೇಗಳ ಮೇಲೆ ಐದು ತಂತ್ರಾಂಶಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಅವು ಮನುಷ್ಯ ತಜ್ಞರಿಗಿಂತ ಚೆನ್ನಾಗಿ ಓದಿದವು ಎಂದು ತಿಳಿಸಿತು. ಅದೇ ಅಧ್ಯಯನದಲ್ಲಿ ವಯಸ್ಸಾದವರ ಮತ್ತು ಹಿಂದೆ ಕ್ಷಯ ಬಂದು ಹೋಗಿದ್ದವರ ವಿಷಯದಲ್ಲಿ ಅವುಗಳ ಸಾಮರ್ಥ್ಯ ಇಳಿದದ್ದೂ ದಾಖಲಾಗಿದೆ. ಪುಪ್ಪುಸದ ಹಳೆಯ ಕಲೆಯನ್ನು ಹೊಸ ರೋಗವೆಂದು ಭಾವಿಸುವ ಸಂಭವವನ್ನು ವೈದ್ಯರು ಸದಾ ನೆನಪಿಡಬೇಕು. "ಮೊದಲ ಟಿಬಿ ಆಗಿತ್ತೇನವಾ?" ಎಂಬ ಒಂದು ಪ್ರಶ್ನೆ ಇಲ್ಲಿ ತಂತ್ರಾಂಶಕ್ಕಿಂತ ಹೆಚ್ಚು ತಿಳಿಸುತ್ತದೆ.

ಮೂರನೆಯ ಪಾಠ: ರೋಗಿಯ ಮಾತು

ರೋಗಿಯ ಮಾತನ್ನು ಕೇಳಿಸಿಕೊಂಡು ತಾನೇ ದಾಖಲೆ ಬರೆಯುವ ತಂತ್ರಾಂಶಗಳು ಈಗ ಬಂದಿವೆ. ಬರವಣಿಗೆಯ ಹೊರೆ ಇಳಿದರೆ ವೈದ್ಯರು ರೋಗಿಯ ಮುಖ ನೋಡಿ ಮಾತನಾಡಬಹುದೆಂಬುದು ಒಳ್ಳೆಯ ಆಶಯವೇ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಆರಂಭವಾಗಿದೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆಯು ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದೆ.

ಆದರೆ ನಮ್ಮ ಭಾಗದ ರೋಗಿ ಪುಸ್ತಕದ ಕನ್ನಡದಲ್ಲಿ ನೋವು ಹೇಳಿಕೊಳ್ಳುವುದಿಲ್ಲ. "ದಮ್ಮ ಹತ್ಲತ್ತದ", "ಚಕ್ಕರ್ ಬರ್ಲತ್ತದ", "ಕೈಕಾಲು ಜುಮ್ ಅಂತಾವ" ಎನ್ನುತ್ತಾರೆ. ಆಳಂದದ ಗಡಿಯ ಹಳ್ಳಿಗಳಲ್ಲಿ ಇದಕ್ಕೆ ಮರಾಠಿ ಬೆರೆಯುತ್ತದೆ. ಎಲ್ಲೆಡೆ ಉರ್ದು ಇದೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ವಯಸ್ಸಾದ ತಾಯಿಯೊಬ್ಬರು "ಜೀವ ಘಾಬ್ರಿ ಆಗ್ಲತ್ತದ್ರಿ" ಎಂದರೆ ಅದು ಮನಸ್ಸಿನ ಆತಂಕವಿರಬಹುದು, ಎದೆಬಡಿತ ಏರಿರಬಹುದು, ಹೃದಯಾಘಾತದ ಆರಂಭವೂ ಆಗಿರಬಹುದು. ಯಂತ್ರ ಅದನ್ನು ಆತಂಕವೆಂದಷ್ಟೇ ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡರೆ, ಮುಂದೆ ಆ ದಾಖಲೆಯನ್ನು ಓದುವ ವೈದ್ಯರು ಇಸಿಜಿಯನ್ನೇ ತೆಗೆಸದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ಹೆಣ್ಣುಮಕ್ಕಳಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರುತ್ತದೆಂಬುದು ವೈದ್ಯಶಾಸ್ತ್ರ ಬಲ್ಲ ಸಂಗತಿ. ಆದ್ದರಿಂದ ಯಂತ್ರ ಬರೆದ ದಾಖಲೆಯನ್ನು ಸಹಿ ಹಾಕುವ ಮುನ್ನ ಓದಿ, ರೋಗಿಯ ಮಾತಿಗೆ ಹೋಲಿಸಿ ತಿದ್ದುವ ಅಭ್ಯಾಸವನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಬೆಳೆಸಬೇಕು. ಈ ಕೆಲಸದಲ್ಲಿ ನಮ್ಮ ಹಳ್ಳಿಗಳಿಂದ ಹೋದ ಮಕ್ಕಳಿಗೆ ಹುಟ್ಟಿನಿಂದಲೇ ಬಂದ ಬಂಡವಾಳವೊಂದಿದೆ. ಅವರು ಆ ಮಾತನ್ನು ಬಲ್ಲರು. ಕಾಲೇಜು ಸೇರಿದ ಮೇಲೆ ಅದನ್ನು ಕೀಳೆಂದು ಮರೆಯಬಾರದು.

ನಾಲ್ಕನೆಯ ಪಾಠ: ಕೈ ಕಲಿತ ವಿದ್ಯೆಯನ್ನು ಉಳಿಸಿಕೊಳ್ಳುವುದು

ಊರುಗೋಲನ್ನೇ ನಂಬಿದ ಕಾಲು ಬಲ ಕಳೆದುಕೊಳ್ಳುವಂತೆ, ಯಂತ್ರವನ್ನೇ ನಂಬಿದ ಕಣ್ಣೂ ಮಂಕಾಗಬಹುದೇ? 2025ರಲ್ಲಿ ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನವೊಂದು ಪ್ರಕಟವಾಯಿತು. ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಹುಡುಕುವ ಅನುಭವಿ ವೈದ್ಯರು ಅಲ್ಲಿದ್ದರು. ಕೃತಕ ಬುದ್ಧಿಮತ್ತೆಯ ನೆರವು ಬರುವ ಮುನ್ನ ಅವರು ಯಂತ್ರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಶೇಕಡಾ 28.4ರಲ್ಲಿ ಗಂಟುಗಳು ಪತ್ತೆಯಾಗಿದ್ದವು. ಯಂತ್ರಕ್ಕೆ ಒಗ್ಗಿಕೊಂಡ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು ಶೇಕಡಾ 22.4ಕ್ಕೆ ಇಳಿದಿತ್ತು. ಒಂದು ಅಧ್ಯಯನದಿಂದ ಎಲ್ಲವನ್ನೂ ನಿರ್ಧರಿಸಲಾಗದು. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಎಚ್ಚರಿಕೆಗೆ ಇಷ್ಟು ಸಾಕು.

ಅನುಭವಿಗಳಿಗೇ ಹೀಗಾದರೆ, ಇನ್ನೂ ಕಲಿಯುತ್ತಿರುವವರ ಗತಿ? ಅವರು ಕಳೆದುಕೊಳ್ಳುವುದಕ್ಕಿಂತ ಮುಂಚೆ ಕಲಿಯುವುದೇ ತಪ್ಪಿಹೋಗಬಹುದು. ಹೃದಯಾಘಾತದ ಉದಾಹರಣೆಯನ್ನೇ ಮತ್ತೆ ತೆಗೆದುಕೊಳ್ಳೋಣ. ಹೃದಯಾಘಾತವಾಗಿದ್ದರೂ ಮೊದಲ ಇಸಿಜಿ ಸಹಜವಾಗಿ ಕಾಣುವುದುಂಟು. ಯಂತ್ರ "ಸಹಜ" ಎಂದಾಗಲೂ, ಬೆವೆತು ಕುಳಿತ ರೋಗಿಯನ್ನು ಕಂಡು "ಇನ್ನೊಮ್ಮೆ ತೆಗೆಯೋಣ, ಇವರನ್ನು ಕಳಿಸುವುದು ಬೇಡ" ಎನ್ನುವವರು ವೈದ್ಯರೇ. ಕೈಗಳಿಗೆ ಹಚ್ಚುವ ತಂತಿಗಳು ಅದಲುಬದಲಾದರೆ ಯಂತ್ರ ಇಲ್ಲದ ದೋಷವನ್ನು ತೋರಿಸಬಹುದು. ತಂತಿಯನ್ನು ನೋಡಬೇಕೆಂಬ ಅನುಮಾನ ಬರಬೇಕಾದದ್ದೂ ವೈದ್ಯರಿಗೇ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಕಾಲಕ್ಕೆ ಕೊಟ್ಟರೆ ಪ್ರಾಣ ಉಳಿಸುತ್ತದೆ. ಈಚೆಗೆ ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ, ಮಹಾಧಮನಿಯ ಒಳಪದರ ಸೀಳಿದವರಿಗೆ ಕೊಟ್ಟರೆ ಪ್ರಾಣವನ್ನೇ ತೆಗೆಯಬಹುದು. ಈ ಪ್ರಶ್ನೆಗಳಿಗೆ ಉತ್ತರ ಇಸಿಜಿಯ ಗೆರೆಗಳಲ್ಲಿಲ್ಲ. ರೋಗಿಯನ್ನು, ಅವರ ಮನೆಯವರನ್ನು ಕೇಳಿ ತಿಳಿಯಬೇಕು, ಎರಡೂ ತೋಳಿನ ರಕ್ತದೊತ್ತಡ ನೋಡಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ತರುಣ ವೈದ್ಯರಿಗೆ ನಾಡಿ ಹಿಡಿಯುವ, ಎದೆ ಕೇಳುವ, ಇಸಿಜಿಯನ್ನು ತಾನೇ ಓದುವ ವಿದ್ಯೆ ಬರದಿದ್ದರೆ ಯಂತ್ರ ಸರಿಯೋ ತಪ್ಪೋ ಎಂದು ತಿಳಿಯುವ ಮಾರ್ಗವೇ ಇರುವುದಿಲ್ಲ.

ಐದನೆಯ ಪಾಠ: ರೋಗಿಯ ಗುಟ್ಟು, ವೈದ್ಯರ ಹೊಣೆ

ವೈದ್ಯರಿಗೆ ರೋಗಿ ಹೇಳಿದ ಮಾತು ಮೂರನೆಯವರಿಗೆ ಹೋಗಬಾರದೆಂಬುದು ಹಳೆಯ ಧರ್ಮ. ರೋಗಿಯ ವರದಿಯನ್ನು ಹಾಗೆಯೇ ಚಾಟ್‌ಜಿಪಿಟಿಯಲ್ಲಿ ಅಂಟಿಸಿ "ಇದೇನು ರೋಗ?" ಎಂದು ಕೇಳಿದಾಗ ಆ ಮಾಹಿತಿ ಹೊರಗಿನ ಕಂಪನಿಯ ಗಣಕಯಂತ್ರಕ್ಕೆ ಹೋದಂತಾಯಿತು. ಹೆಸರು ಅಳಿಸಿದರೆ ಸಾಲದು. ಸಣ್ಣ ಹಳ್ಳಿಯಲ್ಲಿ ವಯಸ್ಸು, ಕಸುಬು, ರೋಗ ಮೂರನ್ನು ಹೇಳಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯ ಮಾಹಿತಿಯನ್ನು ಬಳಸುವವರ ಮೇಲೆ ಹೊಣೆಗಳನ್ನು ವಿಧಿಸಿದೆ. ಕಾಯ್ದೆಯ ಭಯಕ್ಕಿಂತ ಮಿಗಿಲಾಗಿ, ನಂಬಿ ಬಂದವರ ಮಾನ ಕಾಯುವುದು ವೈದ್ಯ ಕಾಯಕದ ಭಾಗವೆಂದು ವಿದ್ಯಾರ್ಥಿಗಳು ತಿಳಿಯಬೇಕು.

ಹೊಣೆಯ ವಿಷಯದಲ್ಲಿ ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಕೃತಕ ಬುದ್ಧಿಮತ್ತೆಯ ವೇದಿಕೆಗಳು ತಾವಾಗಿಯೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ನೋಂದಾಯಿತ ವೈದ್ಯರಿಗೆ ನೆರವಾಗಬಹುದು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿಯೂ ಪ್ರಕಟಿಸಿದ ನೈತಿಕ ಮಾರ್ಗಸೂಚಿಗಳು ಮನುಷ್ಯರ ಮೇಲ್ವಿಚಾರಣೆ, ಹೊಣೆಗಾರಿಕೆ, ರೋಗಿಯ ಒಪ್ಪಿಗೆಗಳನ್ನು ಒತ್ತಿ ಹೇಳಿವೆ. ಔಷಧಿ ಚೀಟಿಯ ಕೆಳಗೆ ಸಹಿ ಹಾಕಿದವರೇ ಉತ್ತರ ಕೊಡಬೇಕು. "ಯಂತ್ರ ಹಾಗೆಂದಿತು" ಎಂಬ ನೆಪ ನಡೆಯದು.

ನಮ್ಮಲ್ಲಿ ಹೇಗೆ ಕಲಿಸಬಹುದು?

ಈ ಐದು ಪಾಠಗಳಿಗಾಗಿ ಹೊಸ ಕಟ್ಟಡವಾಗಲಿ, ದುಬಾರಿ ಯಂತ್ರಗಳಾಗಲಿ ಬೇಕಾಗಿಲ್ಲ. 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವೈದ್ಯರ ಮನೋಧರ್ಮ, ನೀತಿ ಮತ್ತು ಸಂವಹನಕ್ಕೆಂದೇ ಪ್ರತ್ಯೇಕ ಭಾಗವಿದೆ. ರೋಗಿಯ ಗುಟ್ಟು, ಹೊಣೆಗಳ ಪಾಠ ಅಲ್ಲಿ ಸೇರಬಹುದು. ಎರಡನೆಯ ಪಾಠದ ಲೆಕ್ಕವನ್ನು ಸಮುದಾಯ ವೈದ್ಯಶಾಸ್ತ್ರದಲ್ಲಿ ಈಗಾಗಲೇ ಕಲಿಸುತ್ತಾರೆ. ಅದಕ್ಕೆ ಇಂದಿನ ಯಂತ್ರಗಳ ಉದಾಹರಣೆ ಜೋಡಿಸಿದರಾಯಿತು.

ತರಗತಿಯಲ್ಲಿ ಇಸಿಜಿ ಅಥವಾ ಎಕ್ಸ್-ರೇ ತೋರಿಸುವಾಗ ಮೊದಲು ವಿದ್ಯಾರ್ಥಿಗಳಿಂದ ಅಭಿಪ್ರಾಯ ಬರೆಸಿ, ಅನಂತರವೇ ಯಂತ್ರದ ಅಭಿಪ್ರಾಯ ತೋರಿಸುವುದು ಒಳ್ಳೆಯ ಕ್ರಮ. ಎರಡೂ ಬೇರೆಯಾದಲ್ಲಿ ಏಕೆ ಬೇರೆಯಾಯಿತೆಂದು ಚರ್ಚಿಸಬೇಕು. ಕೆಲವೊಮ್ಮೆ ಯಂತ್ರವೇ ಸರಿಯಿರುತ್ತದೆ. ಅದನ್ನು ಒಪ್ಪಿಕೊಳ್ಳುವ ವಿನಯವೂ ಪಾಠದ ಭಾಗ. ಸ್ವೀಡನ್ನಿನಲ್ಲಿ 80,000 ಮಹಿಳೆಯರ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಯಂತ್ರದ ನೆರವಿನಿಂದ ತಜ್ಞರ ಚಿತ್ರ ಓದುವ ಹೊರೆ ಶೇಕಡಾ 44ರಷ್ಟು ಇಳಿದರೂ ರೋಗ ಪತ್ತೆಯಲ್ಲಿ ಕೊರತೆಯಾಗಲಿಲ್ಲವೆಂದು 2023ರಲ್ಲಿ ವರದಿಯಾಗಿದೆ. ಅನುಮಾನಿಸುವುದನ್ನು ಕಲಿಸುವಾಗ ಒಳಿತನ್ನು ಅಲ್ಲಗಳೆಯುವುದನ್ನು ಕಲಿಸಬಾರದು.

ಸೇವೆಯಲ್ಲಿರುವ ವೈದ್ಯರಿಗೆ ತಾಲ್ಲೂಕು ಆಸ್ಪತ್ರೆಯ ಮಾಸಿಕ ಸಭೆಯೇ ಪಾಠಶಾಲೆಯಾಗಬಹುದು. ಒಂದು ದಾಖಲೆ ಪುಸ್ತಕವಿಟ್ಟು, ಯಂತ್ರದ ಮಾತೂ ವೈದ್ಯರ ಮಾತೂ ಬೇರೆಯಾದ ಪ್ರತಿಯೊಂದು ಸಂದರ್ಭವನ್ನು ರೋಗಿಯ ಹೆಸರಿಲ್ಲದೆ ಬರೆದಿಡಬೇಕು. ಕೊನೆಗೆ ಯಾರದು ಸರಿಯಾಯಿತೆಂಬುದನ್ನೂ ಸೇರಿಸಬೇಕು. ಆರು ತಿಂಗಳಲ್ಲಿ ಆ ಯಂತ್ರ ನಮ್ಮ ಜನರ ವಿಷಯದಲ್ಲಿ ಎಲ್ಲಿ ಎಡವುತ್ತದೆಂಬುದು ತಿಳಿಯತೊಡಗುತ್ತದೆ. ತಂತಿ ಹಚ್ಚುವ ತಂತ್ರಜ್ಞರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರೂ ಈ ಸಭೆಯಲ್ಲಿರಬೇಕು. ಅನೇಕ ತಪ್ಪುಗಳು ಮೊದಲು ಅವರ ಕಣ್ಣಿಗೇ ಬೀಳುತ್ತವೆ.

ತಂತ್ರಜ್ಞಾನ ಬಲ್ಲವರ ಕೊರತೆಯೂ ನಮ್ಮಲ್ಲಿಲ್ಲ. ರಾಂಪುರೆ ವೈದ್ಯಕೀಯ ಕಾಲೇಜನ್ನು ನಡೆಸುವ ಸಂಸ್ಥೆಯೇ 1958ರಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜನ್ನೂ ನಡೆಸುತ್ತಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಯೂ ವೈದ್ಯ ವಿದ್ಯಾರ್ಥಿಯೂ ಕೂಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ವಾರ ಕಳೆದರೆ ಇಬ್ಬರೂ ಕಲಿಯುತ್ತಾರೆ. ವೈದ್ಯರು ಕಂಪ್ಯೂಟರ್ ಭಾಷೆ ಕಲಿಯಲೇಬೇಕೆಂದಿಲ್ಲ; ಆಸಕ್ತಿಯಿದ್ದವರು ಕಲಿಯಲಿ. ಉಳಿದವರು ಯಂತ್ರ ಕಟ್ಟುವವರನ್ನು ಸರಿಯಾದ ಪ್ರಶ್ನೆ ಕೇಳುವಷ್ಟು ಕಲಿತರೆ ಸಾಕು: ಇದು ಯಾರನ್ನು ನೋಡಿ ಕಲಿತಿದೆ? ನಮ್ಮಂತಹ ಜನರ ಮೇಲೆ ಪರೀಕ್ಷೆಯಾಗಿದೆಯೇ? ಎಷ್ಟು ರೋಗಿಗಳನ್ನು ಬಿಟ್ಟುಬಿಡುತ್ತದೆ? ಮಾಹಿತಿ ಎಲ್ಲಿಗೆ ಹೋಗುತ್ತದೆ? ತಪ್ಪಾದರೆ ಯಾರಿಗೆ ತಿಳಿಸಬೇಕು?

ಪಾಲಕರಿಗೂ ರೋಗಿಗಳಿಗೂ ಒಂದು ಮಾತು

ಪಾಲಕರ ಪ್ರಶ್ನೆಗೆ ಈಗ ಉತ್ತರಿಸಬಹುದು. ನಿಮ್ಮ ಮಕ್ಕಳ ಓದು ವ್ಯರ್ಥವಾಗುವುದಿಲ್ಲ. ಅದನ್ನು ಇನ್ನೂ ಆಳವಾಗಿ ಓದಬೇಕಾದ ಕಾಲ ಬಂದಿದೆ. ಯಂತ್ರದ ಉತ್ತರವನ್ನು ನಕಲು ಮಾಡಿ ಪರೀಕ್ಷೆ ದಾಟಿದವರಿಗೆ ಮುಂದೆ ಕಷ್ಟವಿದೆ. ರೋಗಿಯ ಪಕ್ಕದಲ್ಲಿ ಕುಳಿತು ಕಲಿತವರ ಕೈಯಲ್ಲಿ ಯಂತ್ರ ಒಳ್ಳೆಯ ಸಾಧನವಾಗುತ್ತದೆ.

ರೋಗಿಗಳಾಗಿ ನಾವೂ ಕೆಲವನ್ನು ತಿಳಿದಿರಬೇಕು. ಮೊಬೈಲಿನಲ್ಲಿ ಕೇಳಿ ಬಂದ ಉತ್ತರವನ್ನು ಔಷಧಿ ಚೀಟಿಯೆಂದು ಭಾವಿಸಬಾರದು. ಅದನ್ನು ಓದಿ ನಡೆಯುತ್ತಿರುವ ಗುಳಿಗೆ ನಿಲ್ಲಿಸಬಾರದು. ಯಂತ್ರದ ವರದಿ ಕೈಗೆ ಬಂದಾಗ "ನೀವು ನೋಡಿದಿರಾ, ನಿಮ್ಮ ಅಭಿಪ್ರಾಯವೇನು?" ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಎದೆ ಹಿಡಿದಂತಾದರೆ, ದಮ್ಮು ಹತ್ತಿದರೆ, ಕಾರಣವಿಲ್ಲದೆ ಬೆವೆತು ಜೀವ ಘಾಬರಿಯಾದರೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿಯ ಯಂತ್ರವೂ ವೈದ್ಯರೂ ನಮಗೆ ನೆರವಾಗಬೇಕಾದರೆ ನಾವು ಸಮಯಕ್ಕೆ ಅಲ್ಲಿರಬೇಕು.